ಕೋಕಾ ಪಟ್ಟಿ ಬರ್ತದೆ, ರಾಶಿ ಪಟ್ಟಿ ಬರೋದಿಲ್ಲ: ಎಕ್ಸೆಲ್ ಮ್ಯಾಕ್ರೋ ಯಾಕೆ ಹೀಗೆ ಮಾಡ್ತದೆ?

ಪ್ರಶ್ನೆ: ಸರ್, ನಾನು ಶಿರಸಿ ಮಾರ್ಕೆಟ್ ಯಾರ್ಡಲ್ಲಿ ಒಂದು ಅಡಿಕೆ ದಲಾಲಿ ಅಂಗಡಿಲಿ ಲೆಕ್ಕ ಬರೆಯೋನು. ನಮ್ಮ ಯಜಮಾನ್ರ ಅಳಿಯ ಕೆಲವು ವರ್ಷದ ಹಿಂದೆ ಎಕ್ಸೆಲ್ಲಲ್ಲಿ ಮ್ಯಾಕ್ರೋ (ತಾನಾಗೇ ಕೆಲಸ ಮಾಡೋ ಸಣ್ಣ ಪ್ರೋಗ್ರಾಂ) ಹಾಕಿ ಪಟ್ಟಿ, ಅಂದ್ರೆ ಬೆಳೆಗಾರರಿಗೆ ಕೊಡೋ ಲೆಕ್ಕದ ಚೀಟಿ, ಮಾಡೋ ಫೈಲ್ ಒಂದು ಮಾಡಿಕೊಟ್ಟಿದ್ರು, ಬೆಳೆಗಾರರ ಹೆಸರು, ತೂಕ, ದರ ಹಾಕಿ ಬಟನ್ ಒತ್ತಿದ್ರೆ ಪಟ್ಟಿ ತಯಾರಾಗಿ ಪಿಡಿಎಫ್ ಆಗ್ತಿತ್ತು. ಹಳೇ ಲ್ಯಾಪ್‌ಟಾಪಲ್ಲಿ (ವಿಂಡೋಸ್ 7, ಆಫೀಸ್ 2010) ಚೆನ್ನಾಗೇ ನಡೀತಿತ್ತು, ಆದರೆ ಅದರಲ್ಲೂ ಈಚೆಗೆ ರಾಶಿ, ಬೆಟ್ಟೆ ಬಗೆಯ ಅಡಿಕೆಯ ಪಟ್ಟಿ ಮಾಡೋಕೆ ಹೋದ್ರೆ "ರನ್ ಟೈಮ್ ಎರರ್ 6, ಓವರ್‌ಫ್ಲೋ" ಅಂತ ನಿಲ್ತದೆ. ಕೋಕಾ, ಬಿಳೆಗೋಟು ಮಾಡಿದ್ರೆ ಏನೂ ತೊಂದರೆ ಇಲ್ಲ. ಚಾಲಿ ಒಂದು ದಿನ ಆಗ್ತದೆ ಒಂದು ದಿನ ಆಗೋದಿಲ್ಲ! ಈಗ ಹೊಸ ಲ್ಯಾಪ್‌ಟಾಪ್ ತಂದಿದ್ದೇವೆ, ಫೈಲನ್ನ ಜೀಮೇಲಲ್ಲಿ ನನಗೇ ಕಳಿಸಿಕೊಂಡು ಇಳಿಸಿದೆ, ಮೇಲೆ ಕೆಂಪು ಪಟ್ಟಿ ಬಂದು ಮ್ಯಾಕ್ರೋ ಬ್ಲಾಕ್ ಮಾಡಿದ್ದೇವೆ ಅಂತ ಬಂತು. ಕಂಪ್ಯೂಟರ್ ಅಂಗಡಿಯವ್ರು ಬಂದು "ಇನೇಬಲ್ ಆಲ್ ಮ್ಯಾಕ್ರೋಸ್" ಹಾಕಿ ಹೋದ್ರು, ಆದ್ರೂ ಕೆಂಪು ಪಟ್ಟಿ ಹೋಗ್ಲಿಲ್ಲ. ಮತ್ತೆ ಪೆನ್‌ಡ್ರೈವಲ್ಲಿ ತಂದು ಹಾಕಿದೆ, ಕೆಂಪು ಪಟ್ಟಿ ಹೋಯ್ತು, ಈಗ "ಕಂಪೈಲ್ ಎರರ್ ಇನ್ ಹಿಡನ್ ಮಾಡ್ಯೂಲ್" ಅಂತದೆ. ಕೋಡ್ ನೋಡೋಣ ಅಂದ್ರೆ ಪಾಸ್‌ವರ್ಡ್ ಕೇಳ್ತದೆ. ಅಳಿಯ ಈಗ ಬೆಂಗಳೂರಲ್ಲಿ, ಅವರಿಗೆ ಪುರುಸೊತ್ತಿಲ್ಲ. ಫೈಲಿಗೆ ವೈರಸ್ ಹಿಡಿದಿದ್ಯಾ? ವಿಂಡೋಸ್ 11ರಲ್ಲಿ ಮ್ಯಾಕ್ರೋ ನಡೆಯೋದೇ ಇಲ್ಲ ಅಂತ ಒಬ್ರು ಹೇಳಿದ್ರು, ಹೌದಾ? ಇನ್ನೊಂದು, ಮ್ಯಾಕ್ರೋ ಒಳಗೆ ಕನ್ನಡ ಟೈಪ್ ಮಾಡಿದ್ರೆ ಬರೀ ಪ್ರಶ್ನಾರ್ಥಕ ಚಿಹ್ನೆ ಬರ್ತದಂತೆ, ಅದಕ್ಕೆ ಪಟ್ಟಿಯ ಹೆಡ್ಡಿಂಗೆಲ್ಲ ಇಂಗ್ಲಿಷಲ್ಲೇ ಇದೆ. ಏನಾದ್ರೂ ದಾರಿ ಇದ್ರೆ ತಿಳಿಸಿ.

ಉತ್ತರ: ಮೊದಲಿಗೆ ನಿಮಗೊಂದು ಥ್ಯಾಂಕ್ಸ್, ಎರರ್ ಮೆಸೇಜನ್ನ ಹೆಚ್ಚುಕಮ್ಮಿ ಇದ್ದಂಗೇ ಬರೆದು ಕಳಿಸಿದ್ದೀರಿ. ನನಗೆ ಬರೋ ಫೋನಲ್ಲಿ ಮುಕ್ಕಾಲು ಪಾಲು "ಮ್ಯಾಕ್ರೋ ಓಡ್ತಾ ಇಲ್ಲ ಸರ್" ಅಷ್ಟೇ ಇರ್ತದೆ, ಅದರ ಮೇಲೆ ಎಂತ ಹೇಳೋದು?

ನಿಮ್ಮ ಪತ್ರ ಓದಿದ್ರೆ ಒಂದು ವಿಷಯ ಸ್ಪಷ್ಟ, ನಿಮ್ಮ ಫೈಲಿಗೆ ಇರೋದು ಒಂದು ಕಾಯಿಲೆ ಅಲ್ಲ ಮೂರು, ಒಂದರ ಮೇಲೊಂದು ಕೂತಿದೆ. ಮೇಲಿಂದು ತೆಗೆದಾಗ ಕೆಳಗಿಂದು ಕಂಡಿದೆ, ಅದಕ್ಕೆ ನಿಮಗೆ ಏನು ಮಾಡಿದ್ರೂ ಸರಿ ಆಗ್ತಿಲ್ಲ ಅನ್ನಿಸಿದ್ದು. ನಿಜ ಹೇಳಬೇಕಂದ್ರೆ ಪೆನ್‌ಡ್ರೈವಲ್ಲಿ ತಂದಾಗ ಒಂದು ಮೆಟ್ಟಿಲು ದಾಟಿದ್ದೀರಿ. ಕೆಂಪು ಪಟ್ಟಿ ಬಂದಾಗ ಮ್ಯಾಕ್ರೋ ಶುರುವೇ ಆಗಿರೋದಿಲ್ಲ, ಎಕ್ಸೆಲ್ ಅದಕ್ಕೆ ಪರ್ಮಿಶನ್ನೇ ಕೊಟ್ಟಿಲ್ಲ. ಕಂಪೈಲ್ ಎರರ್ ಬಂದಾಗ ಪರ್ಮಿಶನ್ ಸಿಕ್ಕಿದೆ, ಆದರೆ ಕೋಡ್ ಈ ಆಫೀಸಿಗೆ ಅರ್ಥ ಆಗ್ತಿಲ್ಲ. ಓವರ್‌ಫ್ಲೋ ಬಂದಾಗ ಕೋಡ್ ಓಡಿ ಓಡಿ ಮಧ್ಯೆ ಬಿದ್ದಿದೆ. ಈ ಮೂರಕ್ಕೂ ಔಷಧ ಬೇರೆ ಬೇರೆ, ಮತ್ತೆ ಸೆಕ್ಯೂರಿಟಿ ಸೆಟ್ಟಿಂಗ್ ಸಡಿಲ ಮಾಡೋದ್ರಿಂದ ಗುಣ ಆಗೋದೇನಿದ್ರೂ ಮೊದಲನೇದು ಮಾತ್ರ, ಅದೂ ಪೂರ್ತಿ ಅಲ್ಲ ಅಂತ ನೀವೇ ನೋಡಿದ್ರಿ.

ವೈರಸ್ ವಿಚಾರ. ನೀವು ಹೇಳಿದ ಯಾವ ಲಕ್ಷಣವೂ ವೈರಸ್ಸಿಂದಲ್ಲ. ವಿಂಡೋಸ್ 11ರಲ್ಲಿ ಮ್ಯಾಕ್ರೋ ನಡೆಯೋದಿಲ್ಲ ಅನ್ನೋದೂ ಸುಳ್ಳು, ದಿನಾ ನಡೀತಿದೆ. ಈ ಸುದ್ದಿ ಎಲ್ಲಿಂದ ಹುಟ್ಟಿತು ಅಂದ್ರೆ ಮೈಕ್ರೋಸಾಫ್ಟ್ 2023ರ ಅಕ್ಟೋಬರಲ್ಲಿ ವಿಬಿಸ್ಕ್ರಿಪ್ಟ್ ಅನ್ನೋದನ್ನ ಮುಂದೆ ವಿಂಡೋಸಿಂದ ತೆಗೀತೇವೆ ಅಂತ ಹೇಳಿತ್ತು, ಎಕ್ಸೆಲ್ ಒಳಗಿನ ಭಾಷೆ ವಿಬಿಎ, ಹೆಸರು ಹತ್ತಿರ ಹತ್ತಿರ ಇರೋದ್ರಿಂದ ಜನ ಎರಡನ್ನೂ ಒಂದೇ ಮಾಡಿಬಿಟ್ರು. ವಿಬಿಎ 1993ರಲ್ಲಿ ಎಕ್ಸೆಲ್ 5ರ ಜೊತೆ ಬಂದಿದ್ದು, ಇವತ್ತಿಗೂ ಇದೆ. ಆದರೆ ಕಂಪ್ಯೂಟರ್ ಆವೃತ್ತಿಯಲ್ಲಿ ಮಾತ್ರ, ಮೊಬೈಲ್ ಎಕ್ಸೆಲ್ಲಲ್ಲಿ, ಬ್ರೌಸರಲ್ಲಿ ತೆರೆಯೋ ಎಕ್ಸೆಲ್ಲಲ್ಲಿ, ಗೂಗಲ್ ಶೀಟ್ಸಲ್ಲಿ ವಿಬಿಎ ಓಡೋದಿಲ್ಲ. ಯಜಮಾನ್ರು ಮೊಬೈಲಲ್ಲಿ ತೆರೆದು "ಬಟನ್ ಒತ್ತಿದ್ರೂ ಏನೂ ಆಗ್ತಿಲ್ವಲ್ಲ" ಅಂದ್ರೆ ತಲೆ ಕೆಡಿಸ್ಕೋಬೇಡಿ.

ಈಗ ಕೆಂಪು ಪಟ್ಟಿ. ಇಂಟರ್ನೆಟ್ಟಿಂದ, ಇ-ಮೇಲಿಂದ, ಬ್ರೌಸರಲ್ಲಿ ತೆರೆದ ವಾಟ್ಸಾಪಿಂದ ಇಳಿಸಿದ ಫೈಲಿಗೆ ವಿಂಡೋಸ್ ಒಂದು ಗುರುತು ಹಚ್ತದೆ, ಯಾರ್ಡಲ್ಲಿ ಚೀಲಕ್ಕೆ ಚೀಟಿ ಕಟ್ಟಿದ ಹಾಗೆ, ಮಾಲು ಹೊರಗಿಂದ ಬಂದಿದ್ದು ಅಂತ. ಫೈಲಲ್ಲಿ ಏನಿದೆ ಅಂತ ಅದು ನೋಡೋದಿಲ್ಲ, ಎಲ್ಲಿಂದ ಬಂತು ಅಂತ ಅಷ್ಟೇ. ನಿಮ್ಮದೇ ಫೈಲು ನೀವೇ ನಿಮಗೆ ಕಳಿಸಿಕೊಂಡಿದ್ದು ಅಂತ ಅದಕ್ಕೇನು ಗೊತ್ತು? ಮೊದಲೂ ಈ ಗುರುತು ಇತ್ತು ಆದರೆ ಆಗ ಹಳದಿ ಪಟ್ಟಿ ಬಂದು "ಇನೇಬಲ್ ಕಂಟೆಂಟ್" ಒತ್ತಿದ್ರೆ ಆಗ್ತಿತ್ತು, ಜನ ಓದದೇ ಒತ್ತೋದು ಅಭ್ಯಾಸ ಆಗಿ ವೈರಸ್ ಹರಡೋರಿಗೆ ಅದೇ ಬಾಗಿಲಾಯ್ತು, ಹಾಗಾಗಿ 2022ರಲ್ಲಿ ಮೈಕ್ರೋಸಾಫ್ಟ್ ಆ ಬಟನ್ನೇ ತೆಗೆದು ಕೆಂಪು ಪಟ್ಟಿ ತಂತು. ಅಂಗಡಿಯವ್ರು "ಇನೇಬಲ್ ಆಲ್" ಹಾಕಿದ್ರೂ ಹೋಗದೇ ಇದ್ದಿದ್ದು ಇದಕ್ಕೇ, ಈ ಗುರುತಿನ ಚೆಕ್ಕಿಂಗ್ ಬೇರೆ, ಆ ಸೆಟ್ಟಿಂಗ್ ಬೇರೆ.

ಪೆನ್‌ಡ್ರೈವಲ್ಲಿ ತಂದಾಗ ಕೆಂಪು ಪಟ್ಟಿ ಹೋಗಿದ್ದಕ್ಕೂ ಮಂತ್ರ ಏನಿಲ್ಲ. ಆ ಗುರುತು ಎನ್‌ಟಿಎಫ್‌ಎಸ್ ಅನ್ನೋ ಡಿಸ್ಕ್ ಪದ್ಧತಿಯಲ್ಲಿ ಮಾತ್ರ ಫೈಲಿಗೆ ಅಂಟಿಕೊಂಡಿರ್ತದೆ, ಹೆಚ್ಚಿನ ಪೆನ್‌ಡ್ರೈವು ಫ್ಯಾಟ್ 32 ಅಥವಾ ಎಕ್ಸ್‌ಫ್ಯಾಟ್, ಅದರಲ್ಲಿ ಗುರುತು ಉಳಿಯೋದಿಲ್ಲ. ನೀವು ಹಳೇ ಲ್ಯಾಪ್‌ಟಾಪಿಂದ ಸೀದಾ ತಂದಿದ್ರೆ ಗುರುತು ಹಚ್ಚೋ ಪ್ರಶ್ನೆನೇ ಬಂದಿಲ್ಲ.

ಸರಿಯಾದ ದಾರಿ ಎರಡು. ಒಂದು, ಎಕ್ಸೆಲ್ ಮುಚ್ಚಿ, ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆಗೆದ್ರೆ ಜನರಲ್ ಟ್ಯಾಬಿನ ಕೆಳಗಡೆ "ಅನ್‌ಬ್ಲಾಕ್" ಅಂತ ಚೌಕ ಇರ್ತದೆ, ಅದಕ್ಕೆ ಟಿಕ್ ಹಾಕಿ ಅಪ್ಲೈ ಕೊಡೋದು. ಆ ಒಂದು ಫೈಲಿಗೆ ಮಾತ್ರ ಲಾಗೂ, ಅಪಾಯವೂ ಅಷ್ಟಕ್ಕೇ ಸೀಮಿತ. ಆಮೇಲೆ ತೆರೆದಾಗ ಹಳದಿ ಪಟ್ಟಿ ಬರಬಹುದು, ಅದಕ್ಕೆ ಒಂದ್ಸಲ "ಇನೇಬಲ್ ಕಂಟೆಂಟ್" ಕೊಟ್ರೆ ಆಯ್ತು. ಇನ್ನೊಂದು, ಪಟ್ಟಿ ಫೈಲಿಗೆ ಅಂತಲೇ ಒಂದು ಫೋಲ್ಡರ್ ಮಾಡಿ, ಎಕ್ಸೆಲ್ಲಲ್ಲಿ ಫೈಲ್, ಆಪ್ಶನ್ಸ್, ಟ್ರಸ್ಟ್ ಸೆಂಟರ್, ಅಲ್ಲಿ "ಟ್ರಸ್ಟೆಡ್ ಲೊಕೇಶನ್ಸ್" ಒಳಗೆ ಆ ಫೋಲ್ಡರ್ ಸೇರಿಸೋದು. ಅದರಲ್ಲಿದ್ದ ಫೈಲಿಗೆ ಎಕ್ಸೆಲ್ ಮತ್ತೆ ಏನೂ ಕೇಳೋದಿಲ್ಲ. ಅದೇ ಅದರ ಅಪಾಯ ಕೂಡ, ಆ ಫೋಲ್ಡರಿಗೆ ಯಾರು ಏನು ತಂದು ಹಾಕಿದ್ರೂ ಸದ್ದಿಲ್ಲದೆ ಓಡ್ತದೆ. ಹಾಗಾಗಿ ಡೌನ್‌ಲೋಡ್ಸ್ ಫೋಲ್ಡರನ್ನ, ಡೆಸ್ಕ್‌ಟಾಪನ್ನ ಯಾವತ್ತೂ ಟ್ರಸ್ಟೆಡ್ ಮಾಡಬೇಡಿ. ಕಾರವಾರದ ಒಂದು ಆಫೀಸಲ್ಲಿ ಇಡೀ ಸಿ ಡ್ರೈವನ್ನೇ ಟ್ರಸ್ಟೆಡ್ ಮಾಡಿಟ್ಟಿದ್ರು, ಮತ್ತೆ ಆಂಟಿವೈರಸ್ಸಿಗೆ ವರ್ಷಾ ದುಡ್ಡು ಕಟ್ತಿದ್ರು ಬೇರೆ!

ಮತ್ತೆ ದಯವಿಟ್ಟು, ಇವತ್ತೇ, ಆ "ಇನೇಬಲ್ ಆಲ್ ಮ್ಯಾಕ್ರೋಸ್" ತೆಗೀರಿ. ಅಂಗಡಿಯವ್ರು ಕೆಟ್ಟ ಉದ್ದೇಶದಿಂದ ಮಾಡಿಲ್ಲ, ಬೇಗ ಕೆಲಸ ಆಗಲಿ ಅಂತ ಮಾಡಿದ್ದು. ಆದರೆ ಅದು ನಿಮ್ಮ ಪಟ್ಟಿ ಫೈಲಿಗೆ ಮಾತ್ರ ಅಲ್ಲ, ಆ ಲ್ಯಾಪ್‌ಟಾಪಲ್ಲಿ ತೆರೆಯೋ ಪ್ರತಿ ಎಕ್ಸೆಲ್ ಫೈಲಿಗೂ ಲಾಗೂ. ಕೆಂಪು ಪಟ್ಟಿ ಗುರುತು ಇದ್ದ ಫೈಲನ್ನ ತಡೀತದೆ ಸರಿ, ಗುರುತು ಇಲ್ಲದೆ ಪೆನ್‌ಡ್ರೈವಲ್ಲಿ ಬಂದಿದ್ದನ್ನ ತಡೆಯೋರು ಯಾರು? ಮ್ಯಾಕ್ರೋ ಅಂದ್ರೆ ಬರೀ ಕೂಡಿ ಕಳೆಯೋದಲ್ಲ, ನೀವು ಆ ಕಂಪ್ಯೂಟರಲ್ಲಿ ಏನೇನು ಮಾಡಬಹುದೋ ಅದನ್ನೆಲ್ಲ ಅದೂ ಮಾಡಬಹುದು, ಫೈಲ್ ಅಳಿಸಬಹುದು, ಇಂಟರ್ನೆಟ್ಟಿಂದ ಇನ್ನೊಂದು ಪ್ರೋಗ್ರಾಂ ಇಳಿಸಬಹುದು. 1999ರ ಮೆಲಿಸ್ಸಾ ವೈರಸ್ ಅಂದ್ರೆ ಒಂದು ವರ್ಡ್ ಮ್ಯಾಕ್ರೋ ಅಷ್ಟೇಯ, ತೆರೆದೋರ ಔಟ್‌ಲುಕ್ ವಿಳಾಸಪಟ್ಟಿಯ ಮೊದಲ 50 ಜನಕ್ಕೆ ತಾನೇ ಮೇಲ್ ಹೋಗ್ತಿತ್ತು. ನಿಮ್ಮ ಅಂಗಡಿಲಿ ಅದೇ ಲ್ಯಾಪ್‌ಟಾಪಲ್ಲಿ ನೆಟ್ ಬ್ಯಾಂಕಿಂಗೂ ಮಾಡ್ತೀರಿ ಅಂತ ಅಂದ್ಕೊಳ್ತೇನೆ. "ಜಿಎಸ್‌ಟಿ ನೋಟಿಸ್" ಅಂತ ಹೆಸರಿಟ್ಟ ಫೈಲೊಂದು ಯಾರದ್ದೋ ಪೆನ್‌ಡ್ರೈವಲ್ಲಿ ಬಂದ್ರೆ ಗಡಿಬಿಡಿಯಲ್ಲಿ ತೆರೆಯೋರು ನಾವೇ ಅಲ್ವಾ. ಮ್ಯಾಕ್ರೋ ಸೆಟ್ಟಿಂಗ್ಸಲ್ಲಿ ಎರಡನೇ ಆಯ್ಕೆ, "ಡಿಸೇಬಲ್ ವಿತ್ ನೋಟಿಫಿಕೇಶನ್", ಅದೇ ಇರಲಿ.

ಮುಂದೆ ಹಿಡನ್ ಮಾಡ್ಯೂಲ್, ಮಾಡ್ಯೂಲ್ ಅಂದ್ರೆ ಕೋಡಿನ ಒಂದು ಭಾಗ. ಹೆಸರು ಕೇಳಿದ್ರೆ ಒಳಗೆ ಯಾವುದೋ ಕಳ್ಳ ಅಡಗಿ ಕೂತಂಗೆ ಅನ್ನಿಸ್ತದೆ, ಹಾಗೇನಿಲ್ಲ. ಅಳಿಯ ಕೋಡಿಗೆ ಪಾಸ್‌ವರ್ಡ್ ಹಾಕಿದ್ದಾರೆ, ಪಾಸ್‌ವರ್ಡ್ ಇದ್ದ ಕೋಡಲ್ಲಿ ತಪ್ಪು ಸಿಕ್ಕಿದ್ರೆ ಎಕ್ಸೆಲ್ಲಿಗೆ ಆ ಸಾಲು ನಿಮಗೆ ತೋರಿಸೋ ಹಾಗಿಲ್ಲ, ಅದಕ್ಕೆ ಹಿಡನ್ ಅಂತದೆ. ನಿಜವಾದ ತಪ್ಪು ಏನಿರಬಹುದು ಅಂದ್ರೆ ನನ್ನ ಅನುಭವದಲ್ಲಿ ಹಳೇ ಆಫೀಸಿಂದ ಹೊಸದಕ್ಕೆ ಬಂದವರಿಗೆ ಹತ್ತರಲ್ಲಿ ಎಂಟು ಸಲ ಇದು 32 ಬಿಟ್, 64 ಬಿಟ್ ಅನ್ನೋ ಆಫೀಸಿನ ಎರಡು ಆವೃತ್ತಿಗಳ ಗಲಾಟೆ. ಆಫೀಸ್ 2010 ಕಾಲಕ್ಕೆ 64 ಬಿಟ್ ಇತ್ತು ಆದರೆ ಹೆಚ್ಚಿನವರು ಹಾಕಿಕೊಳ್ತಾ ಇದ್ದದ್ದು 32. ಆಫೀಸ್ 2019 ಹೊತ್ತಿಗೆ ಹೇಳದೇ ಕೇಳದೇ 64 ಬಿಟ್ಟೇ ಇನ್‌ಸ್ಟಾಲ್ ಆಗೋ ಹಾಗೆ ಆಯ್ತು. ಮ್ಯಾಕ್ರೋ ಎಕ್ಸೆಲ್ ಒಳಗಿನ ಕೆಲಸ ಮಾತ್ರ ಮಾಡ್ತಿದ್ರೆ ಇದರಿಂದ ಏನೂ ಆಗೋದಿಲ್ಲ. ಆದರೆ ವಿಂಡೋಸಿನ ಸಹಾಯ ತಗೊಂಡಿದ್ರೆ, ಅಂದ್ರೆ ಕೋಡಿನ ಮೇಲ್ಗಡೆ "ಡಿಕ್ಲೇರ್" ಅಂತ ಶುರುವಾಗೋ ಸಾಲು ಇದ್ರೆ, 64 ಬಿಟ್ಟಲ್ಲಿ ಆ ಸಾಲಿಗೆ "ಪಿಟಿಆರ್‌ಸೇಫ್" ಅಂತ ಒಂದು ಪದ ಸೇರಲೇಬೇಕು, ಇಲ್ಲಾಂದ್ರೆ ಇಡೀ ಮಾಡ್ಯೂಲೇ ಓಡೋದಿಲ್ಲ.

ಆ ಸಾಲು ಪಟ್ಟಿ ಫೈಲಲ್ಲಿ ಎಂತಕ್ಕೆ ಬಂತು? ಸಾಮಾನ್ಯವಾಗಿ ಪಿಡಿಎಫ್ ಆಗೋವರೆಗೆ ಒಂದೆರಡು ಸೆಕೆಂಡ್ ಕಾಯೋಕೆ "ಸ್ಲೀಪ್" ಅಂತ ಹಾಕಿರ್ತಾರೆ, ಅಥವಾ ಆದ ಪಿಡಿಎಫನ್ನ ತಾನಾಗೇ ತೆರೆಯೋಕೆ. ಸ್ಲೀಪ್ ಆಗಿದ್ರೆ ಆ ಒಂದು ಪದ ಸೇರಿಸಿದ್ರೆ ಮುಗೀತು, ಅಥವಾ ಅದನ್ನ ತೆಗೆದು ಎಕ್ಸೆಲ್ಲಿನದೇ "ಅಪ್ಲಿಕೇಶನ್ ಡಾಟ್ ವೇಟ್" ಹಾಕಿದ್ರೆ ಡಿಕ್ಲೇರ್ ಸಾಲೇ ಬೇಡ, ನಾನು ಹೀಗೇ ಮಾಡೋದು. ಬೇರೆ ರೀತಿಯದ್ದಾಗಿದ್ರೆ, ಅದರಲ್ಲೂ ವಿಂಡೋ ಹ್ಯಾಂಡಲ್ (ತೆರೆದ ಕಿಟಕಿಗೆ ವಿಂಡೋಸ್ ಕೊಡೋ ಗುರುತಿನ ನಂಬರ್) ಗಿಂಡಲ್ ಕೊಡೋದಿದ್ರೆ, ಬರೀ ಪದ ಸೇರಿಸಿದ್ರೆ ಸಾಲೋದಿಲ್ಲ, ಒಳಗಿನ ಕೆಲವು "ಲಾಂಗ್" ಅನ್ನೋ ಸಂಖ್ಯೆಯ ಜಾಗಗಳನ್ನ "ಲಾಂಗ್‌ಪಿಟಿಆರ್" ಮಾಡಬೇಕು, ಇಲ್ಲಾಂದ್ರೆ ಎರರ್ ಹೋಗ್ತದೆ ಆದರೆ ಒಂದಿನ ಎಕ್ಸೆಲ್ಲೇ ಟಪ್ಪಂತ ಬಂದ್ ಆಗ್ತದೆ. ಯೂಟ್ಯೂಬ್ ನೋಡಿ ಎಲ್ಲ ಕಡೆ ಕಣ್ಮುಚ್ಚಿ ಪಿಟಿಆರ್‌ಸೇಫ್ ತುಂಬಿದವರಿಗೆ ಹೀಗಾಗಿದ್ದು ನೋಡಿದ್ದೇನೆ.

64 ಬಿಟ್ ಬೇಡ, 32 ಬಿಟ್ ಆಫೀಸೇ ಹಾಕಿ ಅಂತ ಯಾರಾದ್ರೂ ಹೇಳಬಹುದು. ಅದು ತಪ್ಪು ಸಲಹೆ ಅಲ್ಲ, ಲೈಸೆನ್ಸ್ ಅದೇ ನಡೀತದೆ, ಇರೋದನ್ನ ಅನ್‌ಇನ್‌ಸ್ಟಾಲ್ ಮಾಡಿ 32 ಬಿಟ್ ಹಾಕಿದ್ರೆ ಆ ಎರರ್ ಆ ಕ್ಷಣಕ್ಕೆ ಹೋಗ್ತದೆ. ಪಾಸ್‌ವರ್ಡ್ ಸಿಗೋದೇ ಇಲ್ಲ ಅಂತಾದ್ರೆ, ಅಡಿಕೆ ಸೀಸನ್ ತಲೆ ಮೇಲಿದೆ ಅಂತಾದ್ರೆ, ನಾನೂ ಅದನ್ನೇ ಮಾಡ್ತೇನೆ. ಆದರೆ ಮುಂದಿನ ಲ್ಯಾಪ್‌ಟಾಪಿಗೆ ಮತ್ತೆ ಇದೇ ಕತೆ, ಮತ್ತೆ ನಿಮ್ಮ ಓವರ್‌ಫ್ಲೋ ಎರರ್ ಅಲ್ಲೇ ಇರ್ತದೆ. ಒಂದು ಕಡೆ ಮಾತ್ರ 32 ಬಿಟ್ಟೇ ಗತಿ: ಫೈಲಲ್ಲಿ ತಾರೀಖು ಆರಿಸೋ ಪುಟ್ಟ ಕ್ಯಾಲೆಂಡರ್ ಹಾಕಿದ್ದು, ಅದು ಹಾಗೇ ಬೇಕು ಅಂದ್ರೆ. ಆ ಹಳೇ ಡೇಟ್ ಪಿಕ್ಕರ್ 64 ಬಿಟ್ ಆಫೀಸಿಗೆ ಬರೋದಿಲ್ಲ. ಫೈಲ್ ಅದನ್ನ ಕೇಳಿ ಕಂಪ್ಯೂಟರಲ್ಲಿ ಅದು ಇಲ್ಲದಿದ್ರೆ ಕೋಡ್ ಕಿಟಕಿಯ ಟೂಲ್ಸ್, ರೆಫರೆನ್ಸಸ್ ಒಳಗೆ ಒಂದು ಸಾಲಿನ ಮುಂದೆ "ಮಿಸ್ಸಿಂಗ್" ಅಂತ ಇರ್ತದೆ, ಮತ್ತೆ ತಮಾಷೆ ಅಂದ್ರೆ ಎರರ್ ತೋರಿಸೋದು ಅಲ್ಲಿ ಅಲ್ಲ, ಲೆಫ್ಟ್, ಫಾರ್ಮ್ಯಾಟ್ ಅಂತ ಪಾಪದ ಫಂಕ್ಷನ್ ಮೇಲೆ, "ಕಾಂಟ್ ಫೈಂಡ್ ಪ್ರಾಜೆಕ್ಟ್ ಆರ್ ಲೈಬ್ರರಿ" ಅಂತ. ಸರಿ ಇದ್ದ ಸಾಲನ್ನ ಗಂಟೆಗಟ್ಟಲೆ ತಿದ್ದಿ ತಿದ್ದಿ ಸುಸ್ತಾಗೋದು ಇಲ್ಲೇ. ಕ್ಯಾಲೆಂಡರ್ ತೆಗೆದು ತಾರೀಖು ಕೈಯಲ್ಲಿ ಹೊಡೆಯೋ ಹಾಗೆ ಮಾಡಿದ್ರೆ ಆ ಮಿಸ್ಸಿಂಗ್ ಟಿಕ್ಕನ್ನೂ ತೆಗೀಬಹುದು.

ಈಗ ನನಗೆ ಬಾಳ ಖುಷಿ ಕೊಟ್ಟ ಭಾಗಕ್ಕೆ ಬರ್ತೇನೆ, ನಿಮ್ಮ ರಾಶಿ ಪಟ್ಟಿ. ಪತ್ರ ಓದ್ತಾ ಓದ್ತಾ ಚಾಲಿ ಒಂದು ದಿನ ಆಗ್ತದೆ ಒಂದು ದಿನ ಇಲ್ಲ ಅಂದಿದ್ದು ನೋಡಿದ ಕೂಡ್ಲೇ ನಗು ಬಂತು, ಯಾಕಂದ್ರೆ ಅಲ್ಲಿಗೆ ಉತ್ತರ ಸಿಕ್ಕಿಹೋಯ್ತು. ವಿಬಿಎ ಭಾಷೆಯಲ್ಲಿ ಒಂದು ಸಂಖ್ಯೆಗೆ ಜಾಗ ಇಡುವಾಗ ಎಷ್ಟು ದೊಡ್ಡ ಜಾಗ ಅಂತ ಮೊದಲೇ ಹೇಳ್ತಾರೆ. "ಇಂಟಿಜರ್" ಅಂತ ಹೇಳಿದ್ರೆ ಅದರಲ್ಲಿ ಹಿಡಿಸೋ ಅತಿ ದೊಡ್ಡ ಸಂಖ್ಯೆ 32,767. ಅದಕ್ಕಿಂತ ಒಂದು ಜಾಸ್ತಿ ಆದ್ರೂ ಎರರ್ 6, ಓವರ್‌ಫ್ಲೋ. ಅಳಿಯ ಕೋಡ್ ಬರೆದ ಕಾಲಕ್ಕೆ ದರ ಕ್ವಿಂಟಾಲಿಗೆ ಮೂವತ್ತು ಸಾವಿರದ ಆಚೀಚೆ ಇದ್ದಿರಬೇಕು, ದರಕ್ಕೆ ಪೈಸೆ ಇರೋದಿಲ್ವಲ್ಲ ಅಂತ ಇಂಟಿಜರ್ ಹಾಕಿದ್ದಾರೆ. ಈಗ ರಾಶಿ ಆ ಗೆರೆ ದಾಟಿ ಕೂತಿದೆ, ಬೆಟ್ಟೆನೂ ಮೇಲೇ, ಹಾಗಾಗಿ ಅವೆರಡೂ ಯಾವಾಗ್ಲೂ ಬೀಳ್ತವೆ. ಕೋಕಾ, ಬಿಳೆಗೋಟು ಕೆಳಗೆ ಇರೋದ್ರಿಂದ ಆರಾಮ ಹೋಗ್ತವೆ. ಚಾಲಿ ಆ 32,767ರ ಆಚೀಚೆ ಆಡ್ತಿರೋವಾಗ ಒಂದು ಟೆಂಡರಿಗೆ ಆಗ್ತದೆ ಇನ್ನೊಂದಕ್ಕೆ ಇಲ್ಲ. ನಿಮ್ಮ ಹಳೇ ಪಟ್ಟಿ ತೆಗೆದು ಯಾವ ದರಕ್ಕೆ ನಿಂತಿತ್ತು, ಯಾವ ದರಕ್ಕೆ ಓಡಿತ್ತು ನೋಡಿ, ಗೆರೆ ಅಲ್ಲೇ ಸಿಗ್ತದೆ. ಇದಕ್ಕೆ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಹೊಡೆದ್ರೂ ಆಫೀಸ್ ಬದಲಾಯಿಸಿದ್ರೂ ಏನೂ ಆಗ್ತಿರಲಿಲ್ಲ.

ಔಷಧ ಸಣ್ಣದು, ದರ ಅಂತ ಇರೋ ಆ ಇಂಟಿಜರನ್ನ "ಕರೆನ್ಸಿ" ಅಂತ ಬದಲಾಯಿಸೋದು. ದುಡ್ಡಿಗೆ ಅಂತಲೇ ಇರೋ ಜಾಗ ಅದು, ನಾಲ್ಕು ದಶಮಾಂಶದವರೆಗೆ ಸರಿಯಾಗಿ ಹಿಡೀತದೆ. ಸಾಲಿನ ನಂಬರ್ ಎಣಿಸೋ ಕಡೆ ಇಂಟಿಜರ್ ಇದ್ರೆ ಅದನ್ನ "ಲಾಂಗ್" ಮಾಡಿ, ಶೀಟಲ್ಲಿ 32,767 ಸಾಲು ದಾಟಿದ ದಿನ ಅದೂ ಹೀಗೇ ಬೀಳೋದು, ಎಕ್ಸೆಲ್ ಶೀಟಲ್ಲಿ ಈಗ 10,48,576 ಸಾಲು ಇರ್ತದೆ.

ಆದರೆ ನಿಲ್ಲಿ, ಇದಕ್ಕಿಂತ ದೊಡ್ಡ ವಿಚಾರ ಒಂದಿದೆ. ದರಕ್ಕೆ ಇಂಟಿಜರ್ ಹಾಕಿದೋರು ತೂಕಕ್ಕೂ ಇಂಟಿಜರ್ ಹಾಕಿದ್ದಾರಾ ಅಂತ ನೋಡಬೇಕು. ದರ ಜಾಸ್ತಿ ಆದ್ರೆ ಎಕ್ಸೆಲ್ ಕೂಗಿ ಹೇಳ್ತದೆ, ತೂಕದಲ್ಲಿ ದಶಮಾಂಶ ಬಂದ್ರೆ ಅದು ಕೂಗೋದೇ ಇಲ್ಲ, ಸುಮ್ನೆ ಹತ್ತಿರದ ಪೂರ್ಣ ಸಂಖ್ಯೆಗೆ ತಿರುಗಿಸಿ ಮುಂದೆ ಹೋಗ್ತದೆ. ಅದೂ ಹೇಗೆ, 2.5 ಇದ್ರೆ 2 ಮಾಡ್ತದೆ, 3.5 ಇದ್ರೆ 4 ಮಾಡ್ತದೆ, ಅರ್ಧ ಬಂದಾಗ ಸಮ ಸಂಖ್ಯೆ ಕಡೆಗೆ ಹೋಗೋದು ವಿಬಿಎಯ ಕ್ರಮ. ಶೀಟಿನ ರೌಂಡ್ ಫಾರ್ಮುಲಾ ಹಾಗಲ್ಲ, 2.5ನ್ನ 3 ಮಾಡ್ತದೆ. ಹಾಗಾಗಿ ಮ್ಯಾಕ್ರೋ ಒಳಗೆ ರೌಂಡ್ ಮಾಡಿದ ಲೆಕ್ಕಕ್ಕೂ ಶೀಟಲ್ಲಿ ಮಾಡಿದ ಲೆಕ್ಕಕ್ಕೂ ಒಂದು ರೂಪಾಯಿ ವ್ಯತ್ಯಾಸ ಬಂದು ತಿಂಗಳ ಕೊನೆಗೆ ತಾಳೆ ಆಗದೇ ಕೂತವರನ್ನ ನೋಡಿದ್ದೇನೆ. ಎರರ್ ಬಂದು ನಿಂತ ಮ್ಯಾಕ್ರೋ ಬಗ್ಗೆ ನನಗೆ ಹೆದರಿಕೆ ಇಲ್ಲ, ನಿಲ್ಲದೇ ತಪ್ಪು ಲೆಕ್ಕ ಕೊಡೋದರ ಬಗ್ಗೆ ಇದೆ.

ಅಂಥದ್ದೇ ಇನ್ನೊಂದು ನಿಮ್ಮ ಹೊಸ ಲ್ಯಾಪ್‌ಟಾಪಲ್ಲಿ ಕಾಯ್ತಾ ಇರಬಹುದು, ತಾರೀಖು. ಹೊಸ ಲ್ಯಾಪ್‌ಟಾಪಿನ ರೀಜನ್ ಕೆಲವೊಮ್ಮೆ ಅಮೆರಿಕ ಅಂತಲೇ ಇರ್ತದೆ, ನೀವು 05/06 ಅಂತ ಹೊಡೆದ್ರೆ ಜೂನ್ ಐದು ಹೋಗಿ ಮೇ ಆರು ಆಗ್ತದೆ. 25/06 ಅಂತ ಹೊಡೆದ್ರೆ ಇಪ್ಪತ್ತೈದನೇ ತಿಂಗಳು ಇಲ್ವಲ್ಲ, ಅದು ತಾರೀಖೇ ಆಗದೆ ಬರೀ ಅಕ್ಷರ ಆಗಿ ಕೂರ್ತದೆ. ಹಾಗಾಗಿ ತಿಂಗಳ ಮೊದಲ ಹನ್ನೆರಡು ದಿನದ ಪಟ್ಟಿ ಅದಲುಬದಲಾಗೋದು, ಉಳಿದದ್ದು ಸೋರ್ಟ್ ಆಗದೇ ಇರೋದು ಕಂಡ್ರೆ ಮೊದಲು ವಿಂಡೋಸ್ ಸೆಟ್ಟಿಂಗ್ಸಲ್ಲಿ ರೀಜನ್ ಇಂಡಿಯಾ ಮಾಡಿ. ಅದು ಮಾಡಿದ ಮೇಲೂ ಮ್ಯಾಕ್ರೋ ತಾರೀಖನ್ನ ಅಕ್ಷರದ ರೂಪದಲ್ಲಿ ಸೆಲ್ಲಿಗೆ ಬರೀತಿದ್ರೆ ಎಕ್ಸೆಲ್ ಅಮೆರಿಕದ ಕ್ರಮದಲ್ಲೇ ಓದ್ತದೆ, ಅದನ್ನ ಕೋಡಲ್ಲೇ ಸರಿ ಮಾಡಬೇಕು.

ಮೂರೂ ಸರಿ ಆದ ಮೇಲೆ ಇನ್ನೂ ಒಂದೆರಡು ಎಡವೋ ಕಲ್ಲು ಇವೆ, ಬೇಗ ಹೇಳಿಬಿಡ್ತೇನೆ. ಜೀಮೇಲಿಂದ ಎರಡನೇ ಸಲ ಇಳಿಸಿದ್ರೆ ಫೈಲಿನ ಹೆಸರಿನ ಕೊನೆಗೆ ಬ್ರ್ಯಾಕೆಟಲ್ಲಿ 1 ಸೇರ್ತದೆ, ಕೋಡಲ್ಲಿ ಹಳೇ ಹೆಸರೇ ಬರೆದಿದ್ರೆ "ಸಬ್‌ಸ್ಕ್ರಿಪ್ಟ್ ಔಟ್ ಆಫ್ ರೇಂಜ್", ಎರರ್ 9. ಶೀಟಿನ ಹೆಸರಿನ ಕೊನೆಗೆ ಗೊತ್ತಿಲ್ಲದೆ ಒಂದು ಸ್ಪೇಸ್ ಬಿದ್ರೂ ಅದೇ ಎರರ್. ಬಟನ್ ಒತ್ತಿದ್ರೆ "ಕೆನಾಟ್ ರನ್ ದಿ ಮ್ಯಾಕ್ರೋ" ಅಂತ ಹಳೇ ಲ್ಯಾಪ್‌ಟಾಪಿನ ದಾರಿ ತೋರಿಸಿದ್ರೆ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಅಸೈನ್ ಮ್ಯಾಕ್ರೋ ಕೊಟ್ಟು ಈ ಫೈಲಿನ ಮ್ಯಾಕ್ರೋ ಆರಿಸಿ. ಸೇವ್ ಮಾಡುವಾಗ ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಮಾಡಿದ್ರೆ ಮ್ಯಾಕ್ರೋ ಪೂರ್ತಿ ಬಿಟ್ಟುಹೋಗ್ತದೆ, ಕೊನೇ ಅಕ್ಷರ ಎಂ ಇರಬೇಕು.

ವನ್‌ಡ್ರೈವ್ (ಇಂಟರ್ನೆಟ್ಟಲ್ಲಿ ಫೈಲ್ ಇಡೋಕೆ ಮೈಕ್ರೋಸಾಫ್ಟ್ ಕೊಡೋ ಜಾಗ) ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ಹೊಸ ಲ್ಯಾಪ್‌ಟಾಪ್ ತಗೊಂಡವ್ರಿಗೆ ಇದು ಗೊತ್ತೇ ಆಗೋದಿಲ್ಲ. ವಿಂಡೋಸ್ 11 ಶುರು ಮಾಡುವಾಗ ಮೈಕ್ರೋಸಾಫ್ಟ್ ಅಕೌಂಟ್ ಹಾಕಿದ್ರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡೂ ಸದ್ದಿಲ್ಲದೆ ವನ್‌ಡ್ರೈವ್ ಒಳಗೆ ಹೋಗಿರೋದು ಉಂಟು. ಕಣ್ಣಿಗೆ ಡೆಸ್ಕ್‌ಟಾಪ್ ಅಂತಲೇ ಕಾಣ್ತದೆ, ಆದರೆ ಮ್ಯಾಕ್ರೋ "ನಾನು ಯಾವ ಫೋಲ್ಡರಲ್ಲಿ ಇದ್ದೇನೆ" ಅಂತ ಕೇಳಿದ್ರೆ ಎಕ್ಸೆಲ್ ಸಿ ಡ್ರೈವಿನ ದಾರಿ ಹೇಳೋದು ಬಿಟ್ಟು ಇಂಟರ್ನೆಟ್ ವಿಳಾಸ ಹೇಳ್ತದೆ. ನಿಮ್ಮ ಮ್ಯಾಕ್ರೋ ಫೈಲ್ ಇದ್ದ ಜಾಗದಲ್ಲೇ ಪಿಡಿಎಫ್ ಇಡ್ತದೆ ಅಂತಾದ್ರೆ ಅಲ್ಲಿ ಎರರ್ 1004 ಬಂದು ನಿಲ್ಲೋ ಸಂಭವ ಬಾಳ. ಕೋಡ್ ಮುಟ್ಟೋದು ಬೇಡ, ಸಿ ಡ್ರೈವಲ್ಲಿ ಪಟ್ಟಿಗೆ ಅಂತ ಮಾಡಿದ ಆ ಟ್ರಸ್ಟೆಡ್ ಫೋಲ್ಡರಲ್ಲೇ ಫೈಲ್ ಇಡಿ, ಎರಡೂ ಒಟ್ಟಿಗೆ ಪರಿಹಾರ ಆಯ್ತು. ಬ್ಯಾಕಪ್ಪಿಗೆ ದಿನಾ ಸಂಜೆ ಒಂದು ಕಾಪಿ ವನ್‌ಡ್ರೈವಿಗೆ ಹಾಕಿ, ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಹೋಗಿ ಬಂದು ಫೈಲ್ ಹಾಳಾಗೋದು ನಮ್ಮ ಕಡೆ ಹೊಸದೇನಲ್ಲ.

ಕನ್ನಡದ ಪ್ರಶ್ನಾರ್ಥಕ ಚಿಹ್ನೆಗೂ ಫಾಂಟಿಗೂ ಸಂಬಂಧ ಇಲ್ಲ, ನುಡಿ ಹಾಕಿ ಬರಹ ಹಾಕಿ ಅಂತ ಒದ್ದಾಡಬೇಡಿ. ಎಕ್ಸೆಲ್ ಶೀಟಿಗೆ ಯುನಿಕೋಡ್ ಗೊತ್ತು, ಆದರೆ ಕೋಡ್ ಬರೆಯೋ ಆ ಕಿಟಕಿ ಹಳೇ ಕಾಲದ್ದು, ಅದಕ್ಕೆ ವಿಂಡೋಸಿನ ಹಳೇ ಕೋಡ್ ಪೇಜಲ್ಲಿ (ಒಂದೊಂದು ಭಾಷೆಗೆ ಮಾಡಿದ ಅಕ್ಷರಗಳ ಕೋಷ್ಟಕದಲ್ಲಿ) ಇದ್ದ ಅಕ್ಷರ ಮಾತ್ರ ಗೊತ್ತು, ಕನ್ನಡಕ್ಕೆ ಅಂಥ ಕೋಡ್ ಪೇಜೇ ವಿಂಡೋಸಲ್ಲಿ ಇರಲಿಲ್ಲ, ನಮ್ಮ ಭಾಷೆ ಬಂದಿದ್ದೇ ಯುನಿಕೋಡ್ ಮೂಲಕ. ಅದಕ್ಕೇ ಅಲ್ಲಿ ಟೈಪ್ ಮಾಡಿದ್ರೆ ಪ್ರಶ್ನಾರ್ಥಕ, ಮೆಸೇಜ್ ಬಾಕ್ಸಲ್ಲೂ ಪ್ರಶ್ನಾರ್ಥಕ. ದಾರಿ ಸುಲಭ ಇದೆ, "ಬೆಳೆಗಾರರ ಹೆಸರು", "ನಿವ್ವಳ ತೂಕ", "ದಲಾಲಿ", "ಹಮಾಲಿ" ಅಂತ ಬೇಕಾದ ಹೆಡ್ಡಿಂಗನ್ನೆಲ್ಲ ಒಂದು ಬೇರೆ ಶೀಟಲ್ಲಿ ಕನ್ನಡದಲ್ಲೇ ಬರೆದಿಟ್ಟು, ಮ್ಯಾಕ್ರೋಗೆ "ಆ ಸೆಲ್ಲಿಂದ ತಗೊಂಡು ಈ ಸೆಲ್ಲಿಗೆ ಹಾಕು" ಅಂತ ಹೇಳಿದ್ರೆ ಆಯ್ತು. ಸೆಲ್ಲಿಂದ ಸೆಲ್ಲಿಗೆ ಹೋಗುವಾಗ ಕನ್ನಡ ಕೆಡೋದಿಲ್ಲ. ಪಟ್ಟಿ ತಗೊಂಡು ಹೋಗೋ ಬೆಳೆಗಾರರಿಗೆ ಓದೋಕಾಗಬೇಕು ಅಂದ್ರೆ ಇದು ಮಾಡಲೇಬೇಕಾದ ಕೆಲಸ, ಇಂಗ್ಲಿಷಲ್ಲಿ ಇಟ್ಟು ಯಾಕೆ ಸುಮ್ನೆ.

ಇದೆಲ್ಲ ಮಾಡೋಕೆ ಕೋಡ್ ತೆರೀಬೇಕು, ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಒಡೆಯೋ ಉಪಾಯ, ಸಾಫ್ಟ್‌ವೇರು ಇಂಟರ್ನೆಟ್ಟಲ್ಲಿ ಬೇಕಾದಷ್ಟು ಸಿಗ್ತದೆ, ಆದರೆ ಪುಕ್ಕಟೆ ಸಿಗೋ ಅಂಥ ಸಾಫ್ಟ್‌ವೇರನ್ನ ನೆಟ್ ಬ್ಯಾಂಕಿಂಗ್ ಮಾಡೋ ಲ್ಯಾಪ್‌ಟಾಪಲ್ಲಿ ಹಾಕಿ ಅಂತ ನಾನು ಹೇಳೋದಿಲ್ಲ. ಅಳಿಯನಿಗೆ "ಬಂದು ಸರಿ ಮಾಡಿಕೊಡಿ" ಅಂದ್ರೆ ಪುರುಸೊತ್ತಿಲ್ಲ ಅಂತಾರೆ, ಸಹಜ. ಅದರ ಬದ್ಲು ಹೀಗೆ ಒಂದು ಮೆಸೇಜ್ ಹಾಕಿ: "ಕೋಡಿನ ಪಾಸ್‌ವರ್ಡ್ ಕಳಿಸಿ ಸಾಕು, 64 ಬಿಟ್ಟಿಗೆ ಡಿಕ್ಲೇರ್ ಸಾಲು ತಿದ್ದಬೇಕು, ದರದ ಇಂಟಿಜರನ್ನ ಕರೆನ್ಸಿ ಮಾಡಬೇಕು, ತೂಕಕ್ಕೆ ಏನು ಹಾಕಿದ್ದೀರಿ ಹೇಳಿ." ಕೋಡ್ ಬರೆದವರಿಗೆ ಇದು ನೋಡಿದ್ರೆ ಅರ್ಧ ನಿಮಿಷದಲ್ಲಿ ಅರ್ಥ ಆಗ್ತದೆ, ಬಹುಶಃ ಭಾನುವಾರ ಕೂತು ಅವರೇ ಮಾಡಿ ಕಳಿಸ್ತಾರೆ.

ಅವರಿಂದ ಆಗದೇ ಬೇರೆಯವರ ಹತ್ರ ಮಾಡಿಸೋದಾದ್ರೆ, ಅಥವಾ ಈಗ ಎಲ್ರೂ ಮಾಡೋ ಹಾಗೆ ಚಾಟ್‌ಜಿಪಿಟಿಗೆ ಕೇಳೋದಾದ್ರೆ, ಇಡೀ ಫೈಲ್ ಕೊಡಬೇಡಿ. ಅದರಲ್ಲಿ ಬೆಳೆಗಾರರ ಹೆಸರು, ಫೋನ್ ನಂಬರ್, ಬ್ಯಾಂಕ್ ಖಾತೆ ಎಲ್ಲ ಇರ್ತದೆ. ಒಂದು ಕಾಪಿ ಮಾಡಿ ಡೇಟಾ ಎಲ್ಲ ಅಳಿಸಿ, ಸುಳ್ಳು ಹೆಸರಿನ ನಾಲ್ಕು ಸಾಲು ಇಟ್ಟು ಕೊಡಿ, ಎರರ್ ಹುಡುಕೋಕೆ ಅಷ್ಟು ಸಾಕು. ಚಾಟ್‌ಜಿಪಿಟಿ ಪಿಟಿಆರ್‌ಸೇಫ್, ಇಂಟಿಜರ್ ಥರದ್ದನ್ನ ಚೆನ್ನಾಗೇ ಹಿಡೀತದೆ, ಆದರೆ ಕೇಳದೇ ಇದ್ದ ಕಡೆಯೂ ಕೈ ಹಾಕಿ ದಲಾಲಿ ಲೆಕ್ಕದ ಸಾಲನ್ನೇ "ಸುಧಾರಿಸಿ" ಕೊಡೋದುಂಟು, ಹಳೇದನ್ನ ಪಕ್ಕ ಇಟ್ಕೊಂಡು ಸಾಲು ಸಾಲು ನೋಡಿ.

ಮ್ಯಾಕ್ರೋ ಬಿಟ್ಟು ಯಾವುದಾದ್ರೂ ರೆಡಿ ಸಾಫ್ಟ್‌ವೇರ್ ತಗೊಳ್ಳೋದಾ ಅಂತ ನೀವು ಕೇಳಿಲ್ಲ, ಆದರೆ ಯಜಮಾನ್ರು ಕೇಳ್ತಾರೆ. ಒಂದೇ ಲ್ಯಾಪ್‌ಟಾಪಲ್ಲಿ ಒಬ್ರೇ ಪಟ್ಟಿ ಮಾಡೋದಾದ್ರೆ ಈ ಫೈಲೇ ಸಾಕು, ಮೇಲಿನದ್ದು ತಿದ್ದಿದ್ರೆ ವರ್ಷಗಟ್ಟಲೆ ಬರ್ತದೆ. ಇಬ್ರು ಮೂರು ಜನ ಒಟ್ಟಿಗೆ ಪಟ್ಟಿ ಮಾಡೋ ಹಂತಕ್ಕೆ ಬಂದ್ರೆ ಆಗ ಎಕ್ಸೆಲ್ ಸಾಲೋದಿಲ್ಲ, ಒಂದೇ ಫೈಲನ್ನ ಮೂರು ಕಡೆ ಇಟ್ಕೊಂಡು ಯಾವುದು ಸರಿ ಅಂತ ಗೊತ್ತಾಗದೇ ಹೋಗ್ತದೆ.

ಕೋಡ್ ತಿದ್ದಿ ಆದ ಮೇಲೆ ಕೋಡ್ ಕಿಟಕಿಯ ಡೀಬಗ್ ಮೆನುವಲ್ಲಿ "ಕಂಪೈಲ್" ಒತ್ತಿ, ಉಳಿದ ತಪ್ಪಿದ್ರೆ ಒಂದೊಂದಾಗಿ ಅಲ್ಲೇ ತೋರಿಸ್ತದೆ, ಏನೂ ಹೇಳದೇ ಸುಮ್ನಿದ್ರೆ ಸರಿ ಇದೆ ಅಂತ. ಆಮೇಲೆ ಕೈಯಲ್ಲಿ ಬರೆದ ಹಳೇ ರಾಶಿ ಪಟ್ಟಿ ಒಂದಿಷ್ಟು ತೆಗೆದು, ತೂಕ ದಶಮಾಂಶ ಇದ್ದದ್ದೇ ಆರಿಸಿ, ಮ್ಯಾಕ್ರೋದಲ್ಲಿ ಹಾಕಿ ಮೊತ್ತ ತಾಳೆ ಮಾಡಿ. ತಿಂಗಳ ಐದನೇ ತಾರೀಖಿನ ಒಂದು, ಇಪ್ಪತ್ತೈದರ ಒಂದು ಇರಲಿ. ಅಷ್ಟು ಸರಿ ಬಂದ ಮೇಲೆ ಹಳೇ ಲ್ಯಾಪ್‌ಟಾಪ್ ತೆಗೆದಿಡಿ, ಸೀಸನ್ ಮುಗಿಯೋವರೆಗೆ ಕೊಡೋದು ಮಾತ್ರ ಬೇಡ.